ಚಿಕ್ಕಮುನಿಯಮ್ಮನ ರಕ್ತ ಪರೀಕ್ಷೆ

ಪೀಣ್ಯದ ಕಾರ್ಖಾನೆಯಲ್ಲಿ ಫಿಟ್ಸ್ ಬಂದು ಬಿದ್ದದ್ದಕ್ಕಿಂತ, ಆಮೇಲೆ ಮನೆಯಲ್ಲಿ ತಿಂದ ಬೈಗುಳವೇ ಆಂಜಿನಪ್ಪನನ್ನು ಹೆಚ್ಚು ಸುಸ್ತು ಮಾಡಿತ್ತು. ಆಸ್ಪತ್ರೆಯಲ್ಲಿ ಹೊಸದಾಗಿ ಬಂದಿದ್ದ ರಕ್ತ ಪರೀಕ್ಷೆ ಮಾಡಿ, ಲಾಡಿಹುಳುವಿನ ಮರಿಗಳು ಮಿದುಳಿಗೆ ಹೋಗಿ ಕೂತಿವೆ ಎಂದಿದ್ದರು. ಅದು ಹಂದಿಯಿಂದ ಬರುವ ಹುಳು ಎಂದು ಕಾಂಪೌಂಡರ್ ಮನೆಯವರ ಮುಂದೆ ಹೇಳಿದ್ದೇ ತಪ್ಪಾಯಿತು.

ಮಾಕಳಿಯ ಆ ಮನೆಯಲ್ಲಿ ಕೋಳಿ, ಕುರಿಗೆ ಅಡ್ಡಿಯಿರಲಿಲ್ಲ. ಹಂದಿ ಮಾತ್ರ ಮನೆದೇವರಿಗೆ ಆಗದು. ಆ ಕಾನೂನಿಗೆ ಪೊಲೀಸು, ಕೋರ್ಟು ಎರಡೂ ಅವನ ತಾಯಿ ಚಿಕ್ಕಮುನಿಯಮ್ಮನೇ. ಅವಳು ಮಗನ ಚಾಪೆ, ತಟ್ಟೆ ಎರಡನ್ನೂ ಜಗಲಿಗೆ ಹಾಕಿದಳು.

“ನಾನು ತಿಂದಿಲ್ಲ ಕಣವ್ವ, ದೇವ್ರಾಣೆ.”

“ಬಾಯಿ ಸುಳ್ಳೇಳ್ತದೆ. ರಕ್ತ ಸುಳ್ಳೇಳ್ತದಾ?”

ನಲವತ್ತು ದಾಟಿದ ಗಂಡಸು ಜಗಲಿಯಲ್ಲಿ ಒಬ್ಬನೇ ಕೂತು ಮುದ್ದೆ ನುಂಗಿದ. ಕಾಯಿಲೆ ಹಾಳಾಗಲಿ, ಹೆತ್ತವಳೇ ನಂಬಲಿಲ್ಲವಲ್ಲ ಎಂಬುದು ಅವನ ಸಂಕಟ.

ಮುಂದಿನ ಸಲ ಡಾಕ್ಟರು ತಾಯಿಯನ್ನೂ ಕರೆಸಿದರು. “ಸರಿಯಾಗಿ ಬೇಯದ ಹಂದಿ ಮಾಂಸ ತಿಂದವರ ಹೊಟ್ಟೇಲಿ ಹುಳು ಬೆಳೆಯುತ್ತೆ. ಅಂಥವರು ಕಕ್ಕಸಿಗೆ ಹೋಗಿ ಬಂದು ಕೈ ಸರಿಯಾಗಿ ತೊಳೀದೆ ಊಟ ಕೊಟ್ರೆ, ಅದರ ಮೊಟ್ಟೆ ಇನ್ನೊಬ್ಬರ ಹೊಟ್ಟೆ ಸೇರಿ, ಮರಿ ತಲೆಗೆ ಹೋಗುತ್ತೆ. ಇವರೇ ಹಂದಿ ತಿಂದಿರಬೇಕು ಅಂತೇನಿಲ್ಲ. ಮನೇಲಿ ಅಡುಗೆ ಯಾರಮ್ಮ ಮಾಡೋದು?”

“ನಾನೇ ಸಾಮಿ,” ಎಂದಳು ಮುದುಕಿ ಜಂಬದಿಂದ. “ನಾನು ಕಲಸಿ ತುತ್ತು ಕೊಟ್ರೇನೆ ಇವ್ನಿಗೆ ಊಟ ಸೇರ್ತಿದ್ದಿದ್ದು.”

“ಹಾಗಾದ್ರೆ ನಿಮಗೂ ಎಲ್ಲಾ ಪರೀಕ್ಷೆ ಮಾಡ್ಬೇಕು. ಮೊದಲು ರಕ್ತ ಕೊಡಿ.”

ನರ್ಸ್ ಸೂಜಿ ತಂದಳು. ರಕ್ತ ಸುಳ್ಳು ಹೇಳುವುದಿಲ್ಲವೆಂದು ಕೇರಿಗೆಲ್ಲ ಸಾರಿದ್ದವಳ ಮುಖ ಬಿಳುಚಿಕೊಂಡಿತು. ಸೂಜಿ ತೋಳು ಮುಟ್ಟುವ ಮೊದಲೇ ಬಾಯಿಬಿಟ್ಟಳು.

“ಜಿಗಣಿ ಊರಲ್ಲಿ... ನಮ್ಮಣ್ಣನ ಮನೇಲಿ... ಓದಾಗೆಲ್ಲ ಒಂಚೂರು ತಿಂತಿದ್ದೆ ಕಣಪ್ಪಾ.”

ಆಂಜಿನಪ್ಪನಿಗೆ ನಗು ಉಕ್ಕಿ ಬಂತು. ಗೆದ್ದೆ ಎಂದು ತಿರುಗಿ ನೋಡಿದರೆ, ಅವಳು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡು ಅಳುತ್ತಿದ್ದಳು. ಅವನ ನಗು ಅಲ್ಲೇ ನಿಂತಿತು.

ಇಬ್ಬರಿಗೂ ಮಾತ್ರೆ ಸಿಕ್ಕಿತು. ಗುಣವಾಗುತ್ತದೆ ಎಂದರು. ಎದುರಿನ ಹೋಟೆಲಿನಿಂದ ಮೊಸರನ್ನ ಕಟ್ಟಿಸಿಕೊಂಡು ಮರದಡಿ ಕೂತರೆ, ಅವಳು ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಹಸಿವಿಲ್ಲ ಎಂದಳು. ಆಂಜಿನಪ್ಪ ನಲ್ಲಿಗೆ ಹೋಗಿ, ಸೋಪು ಹಚ್ಚಿ ಮೊಣಕೈವರೆಗೂ ತಿಕ್ಕಿ ತೊಳೆದು ಬಂದ. ತುತ್ತು ಮಾಡಿ ಅವಳ ಬಾಯಿಗೆ ಹಿಡಿದ.

“ಬಾಯಿ ತೆಗಿಯವ್ವ. ಇದ್ರಲ್ಲಿ ಹಂದಿ ಇಲ್ಲ.”