ಮುಂದೆ ಜಾಗ ಇದೆ

“ಹೆತ್ತ ತಾಯಿಗೆ ಒಂದು ಫೋನ್ ಮಾಡೋಕೆ ಪುರುಸೊತ್ತಿಲ್ಲ, ಮ್ಯಾಚ್ ನೋಡೋಕೆ ಮಾತ್ರ ಪುರುಸೊತ್ತಿದೆಯಾ ನಿನ್ನ ಗಂಡನಿಗೆ?”

ಫೋನಿನಲ್ಲಿ ನನ್ನ ಅತ್ತೆ. ಬೈಯುತ್ತಿದ್ದರು, ಆದರೆ ಆ ಬೈಗುಳದೊಳಗೆ ಖುಷಿ ತುಳುಕುತ್ತಿತ್ತು. ನನ್ನ ಗಂಡ ತೀರಿಕೊಂಡು ಆಗಲೇ ಎರಡು ತಿಂಗಳಾಗಿತ್ತು.

ನಾನು ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಫೋನ್ ಎತ್ತುವವಳು. ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡವರು ಒಳಗಿನಿಂದ ಅರಚಾಡುವಾಗ ದನಿ ನಡುಗಿಸದೆ ಉತ್ತರ ಕೊಡುವುದೇ ನನ್ನ ಅನ್ನ. ಆ ಸಂಜೆ ಆ ವಿದ್ಯೆ ಪೂರ್ತಿ ಕೈಕೊಟ್ಟಿತು.

“ಏನತ್ತೆ ಹೇಳ್ತಿದೀರಾ?”

“ಈಗ ತಾನೇ ಟಿವಿಯಲ್ಲಿ ಕೂಗಿದ ಕಣೇ. ನಮ್ಮವರ ಕಾಲಿಗೆ ಚೆಂಡು ಸಿಕ್ತಿದ್ದ ಹಾಗೇ ಕೂಗಿದ. ಹೆತ್ತವಳಿಗೆ ಗೊತ್ತಾಗಲ್ವಾ? ಹುಷಾರಾಗಿದಾನೆ ಅಂತ ಒಂದು ಮಾತು ಹೇಳೋಕೆ ನಿನಗೇನು ದಾಡಿ?”

ಏನು ಕೂಗಿದ ಎಂದು ಕೇಳಬೇಕಾಗಿರಲಿಲ್ಲ. ನನ್ನ ಗಂಡ ಬಸ್ ಕಂಡಕ್ಟರ್. ವಾರವಿಡೀ ಬಸ್ಸಿನಲ್ಲಿ “ಮುಂದೆ ಜಾಗ ಇದೆ, ಮುಂದೆ ಹೋಗಿ!” ಎಂದು ಗಂಟಲು ಹರಿದುಕೊಂಡು, ರಜೆಯ ದಿನ ಫುಟ್‌ಬಾಲ್ ಮೈದಾನದ ಅಗ್ಗದ ಗ್ಯಾಲರಿಯಲ್ಲಿ ಕೂತಾಗಲೂ ಅದನ್ನೇ ಕೂಗುತ್ತಿದ್ದ. ನಮ್ಮ ತಂಡದವನಿಗೆ ಚೆಂಡು ಸಿಕ್ಕಿ ಎದುರಿಗೆ ಬಯಲು ಕಂಡರೆ ಸಾಕು, ಎದ್ದು ನಿಂತು ಶುರುಮಾಡಿಬಿಡುತ್ತಿದ್ದ. ಸುತ್ತ ಕೂತವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಸಂಬಳದ ಕೆಲಸವನ್ನು ರಜೆಯಲ್ಲಿ ಬಿಟ್ಟಿ ಮಾಡ್ತೀಯಲ್ಲ ಎಂದು ನಾನು ರೇಗಿಸುತ್ತಿದ್ದೆ.

ಆ ಕೂಗು ಟಿವಿಗೆ ಬಂದದ್ದು ಹೇಗೆಂದೂ ನನಗೆ ಕೂಡಲೇ ಹೊಳೆಯಿತು. ನನ್ನ ತಮ್ಮ ಅದೇ ಲೀಗಿನಲ್ಲಿ ಸೌಂಡ್ ಕೆಲಸದವನು. ಮಹಾಮಾರಿಯ ನಡುವೆಯೇ ಖಾಲಿ ಮೈದಾನದಲ್ಲಿ ಆಟ ಮತ್ತೆ ಶುರುವಾದಾಗ, ಟಿವಿ ನೋಡುವವರಿಗೆ ಬಿಕೋ ಎನ್ನಿಸಬಾರದೆಂದು, ಮೊದಲೇ ರೆಕಾರ್ಡ್ ಮಾಡಿಟ್ಟ ಜನರ ಗದ್ದಲವನ್ನು ಹಾಕುವ ಕೆಲಸ ಅವನ ಪಾಲಿಗೆ ಬಂದಿತ್ತು. ಗೋಲಾದರೆ ಒಂದು ಗುಂಡಿ, ತಪ್ಪಿದರೆ ಇನ್ನೊಂದು, ರೆಫರಿಗೆ ಬೈಯಲು ಮತ್ತೊಂದು.

ಕೊನೆಯ ಸಲ ಜನ ತುಂಬಿದ್ದ ಆ ಮ್ಯಾಚಿನ ಬಗ್ಗೆ ಹೇಳದೆ ಹೋದರೆ ನನ್ನ ಹೊಟ್ಟೆಯುರಿ ತಣ್ಣಗಾಗುವುದಿಲ್ಲ. ಆ ವಾರ ಶಾಲೆಗಳಿಗೆ ಬೀಗ ಬಿದ್ದಿತ್ತು. ಜನ ಸೇರಿಸಬೇಡಿ ಎಂದು ವೈದ್ಯರು ಕೈಮುಗಿದು ಕೇಳಿದ್ದರು. ಬೇರೆ ಆಟಗಳ ಲೀಗುಗಳು ನಿಂತಿದ್ದವು. ನಮ್ಮ ಲೀಗಿನ ಮಹಾನುಭಾವರು ಸಭೆ ಸೇರಿ, ಟಿಕೆಟ್ ಮಾರಿಯಾಗಿದೆ, ಇದೊಂದು ಆಗಿಹೋಗಲಿ, ನಾಳೆಯಿಂದ ನಿಲ್ಲಿಸೋಣ ಎಂದರು. ರೋಗ ಇವರ ಸಭೆಯ ತೀರ್ಮಾನಕ್ಕೆ ಕಾದು ಕೂರುತ್ತದೆ ಎಂದುಕೊಂಡಿದ್ದರೋ ಏನೋ. ಗೇಟಿನ ಬಳಿ ಒಂದು ಮೇಜು, ಮೇಜಿನ ಮೇಲೆ ಒಂದು ಸ್ಯಾನಿಟೈಸರ್ ಬಾಟಲಿ ಇಟ್ಟು, ತಾವು ಮಾತ್ರ ಮೇಲಿನ ಗಾಜಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರು. ಗ್ಯಾಲರಿ ಗಿಜಿಗುಟ್ಟಿತು. ನಮ್ಮವರು ಗೆದ್ದರು. ನನ್ನ ಗಂಡ ಗುರುತು ಪರಿಚಯವಿಲ್ಲದವರನ್ನೆಲ್ಲ ತಬ್ಬಿಕೊಂಡು, ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದ. ಮಾರನೆಯ ದಿನ ಅಣ್ಣನ ಮನೆಯಲ್ಲಿದ್ದ ತಾಯಿಯನ್ನು ಮಾತಾಡಿಸಿಕೊಂಡು ಬಂದ. ವಾರದೊಳಗೆ ತಾಯಿ ಮಗ ಇಬ್ಬರೂ ಜ್ವರದಿಂದ ಮಲಗಿದರು. ತಾಯಿ ಎದ್ದರು.

ಆ ಅಣ್ಣ ಶಾಲೆಯಲ್ಲಿ ಪಾಠ ಹೇಳುವವರು, ಎಲ್ಲರ ಬಾಯಲ್ಲೂ ಮೇಷ್ಟ್ರು. “ಅಮ್ಮ ಇನ್ನೂ ಸುಧಾರಿಸ್ಕೋಬೇಕು, ಈಗ್ಲೇ ಹೇಳೋದು ಬೇಡ, ಸಮಯ ನೋಡಿ ನಾನೇ ಹೇಳ್ತೀನಿ” ಎಂದರು. ಮಗ ಆಸ್ಪತ್ರೆಯಲ್ಲಿದ್ದಾನೆ, ಅಲ್ಲಿ ಫೋನ್ ಕೊಡುವುದಿಲ್ಲ ಎಂದು ತಾಯಿಗೆ ಕಥೆ ಕಟ್ಟಿದರು. ಅವರು ನೋಡುತ್ತಿದ್ದ ಆ ಸಮಯ ಬರಲೇ ಇಲ್ಲ. ನನಗೆ ಗಂಡನಿಲ್ಲದ ಮನೆಯಲ್ಲಿ ಉಸಿರಾಡುವುದೇ ಸಾಹಸವಾಗಿತ್ತು, ಅವರ ಮಾತಿಗೆ ಎದುರಾಡಲು ತ್ರಾಣವಿರಲಿಲ್ಲ. ಈಗ ನೋಡಿದರೆ ಸತ್ತವನು ಟಿವಿಯಲ್ಲಿ ಕೂಗುತ್ತಿದ್ದಾನೆ.

ಮಾರನೆಯ ದಿನವೇ ಹೊರಟು ಹೋದೆ. ಮೇಷ್ಟ್ರ ಮನೆಯ ಹಾಲ್‌ನಲ್ಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ಅವರ ಕಣ್ಣಿಗೆ ಪೊರೆ ಬಂದು ಟಿವಿ ಎಂದರೆ ಬಣ್ಣದ ಮೋಡಗಳು ಅಷ್ಟೆ. ಕಿವಿ ಮಾತ್ರ ಚುರುಕು, ಅಡುಗೆಮನೆಯಲ್ಲಿ ಯಾರು ಯಾವ ಡಬ್ಬಿ ತೆಗೆದರೆಂದು ಕೂತಲ್ಲಿಂದಲೇ ಹೇಳುತ್ತಾರೆ. ನಾನು ಅವರ ಕಾಲ ಬಳಿ ನೆಲದ ಮೇಲೆ ಕೂತು, ಕೈ ಹಿಡಿದುಕೊಂಡು ಹೇಳಿಬಿಟ್ಟೆ.

ಅತ್ತೆ ಅಳಲಿಲ್ಲ. ಕೈ ಬಿಡಿಸಿಕೊಂಡರು.

“ಜಗಳ ಆಡಿದ್ರಾ? ಬಿಟ್ಟು ಹೋದ್ನಾ ನಿನ್ನ? ಅದಕ್ಕೆ ನನ್ನ ಮಗನ್ನ ಸಾಯಿಸ್ತಿದೀಯಾ?”

“ಅತ್ತೆ, ಅದು ರೆಕಾರ್ಡು. ಗ್ಯಾಲರಿಯಲ್ಲಿ ಒಂದು ನರಪಿಳ್ಳೆ ಇಲ್ಲ ಈಗ.”

“ರೆಕಾರ್ಡು ಅಂದ್ರೆ ಹಾಡು, ಅಷ್ಟು ಗೊತ್ತು ನನಗೆ. ಇವನು ಚೆಂಡು ಸಿಕ್ಕಾಗ ಕೂಗ್ತಾನೆ, ಸಿಗದಿದ್ರೆ ಸುಮ್ಮನಿರ್ತಾನೆ. ರೆಕಾರ್ಡಿಗೆ ಕಣ್ಣಿದೆಯಾ?” ಎಂದವರು ಮೇಷ್ಟ್ರ ಕಡೆ ತಿರುಗಿದರು. “ನೀನೇ ಹೇಳೋ. ನಿನ್ನೆ ಕೂಗಿದ್ದು ನಿನ್ನ ತಮ್ಮನೋ ಅಲ್ವೋ?”

ಮೇಷ್ಟ್ರು ಒಮ್ಮೆ ನನ್ನನ್ನು, ಒಮ್ಮೆ ಗೋಡೆಯನ್ನು ನೋಡಿದರು. “ಅವನೇ ಅಮ್ಮ” ಎಂದರು. ಮಕ್ಕಳಿಗೆ ನಿಜ ಹೇಳಬೇಕೆಂದು ಇಪ್ಪತ್ತು ವರ್ಷ ಪಾಠ ಮಾಡಿದ ಮನುಷ್ಯ. ಬಾಗಿಲವರೆಗೆ ಬಂದು ನನ್ನ ಕಿವಿಯಲ್ಲಿ, “ನಾಲ್ಕು ದಿನ ಖುಷಿಯಾಗಿರ್ಲಿ ಬಿಡಮ್ಮ” ಎಂದು ಉಸುರಿದರು. ಕೆನ್ನೆಗೆ ಬಾರಿಸಬೇಕೆನ್ನಿಸಿತು, ಹಿರಿಯರೆಂದು ಕೈ ತಡೆದೆ.

ಅಲ್ಲಿಂದ ನೆಟ್ಟಗೆ ಮೈದಾನಕ್ಕೆ ಹೋದೆ. ಹಿಂದಿನ ಗೇಟಿನ ಪಕ್ಕ, ಗೋಡೆಗೆಲ್ಲ ಕಂಬಳಿಯಂಥ ಬಟ್ಟೆ ಹೊಡೆದ ಕಿಟಕಿಯಿಲ್ಲದ ಕೋಣೆ ನನ್ನ ತಮ್ಮನದು. ಆಟಗಾರರಿಗೆ ಐಷಾರಾಮಿ ಹೋಟೆಲು, ದಿನಾ ಬೆಳಗ್ಗೆ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ. ಈ ಕೋಣೆಯವರಿಗೆ ಒಂದು ಬಟ್ಟೆಯ ಮಾಸ್ಕು ಕೊಟ್ಟಿದ್ದರು, ಅದರ ಮೇಲೂ ಲೀಗಿನ ಜಾಹೀರಾತು.

“ಆ ದನಿ ತೆಗಿ” ಎಂದೆ.

ಅವನ ಮುಖ ಸಣ್ಣದಾಯಿತು. “ಭಾವ ಇರ್ಲಿ ಅಂತ ಹಾಕ್ದೆ ಅಕ್ಕ. ಬೇಕಾಬಿಟ್ಟಿ ಹಾಕಲ್ಲ. ಭಾವ ಎಲ್ಲಿ ಕೂಗ್ತಿದ್ರೋ ಸರಿಯಾಗಿ ಅಲ್ಲೇ ಒತ್ತುತ್ತೀನಿ. ಎಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿಲ್ಲ ನಾನು?”

“ಯಾವ ಮ್ಯಾಚಿನ ಗದ್ದಲ ಇದು?”

ಅವನು ಮೇಜಿನ ಮೇಲಿನ ವೈರು ಸುತ್ತತೊಡಗಿದ. ಮತ್ತೆ ಕೇಳಿದೆ.

“ಆ ಕೊನೇದೇ. ಅವತ್ತು ಬಂದಷ್ಟು ಚೆನ್ನಾಗಿ ಯಾವತ್ತೂ ಬಂದಿರ್ಲಿಲ್ಲ. ಗ್ಯಾಲರಿ ತುಂಬ ಮೈಕ್ ಇಟ್ಟಿದ್ವಿ.”

ಆ ಸಂಜೆ ಒಬ್ಬರ ಬಾಯಿಂದ ಒಬ್ಬರಿಗೆ ಹರಡಿದ್ದನ್ನು ಇವರು ಕತ್ತರಿಸಿ, ತೊಳೆದು, ಗುಂಡಿಗಳಿಗೆ ಕಟ್ಟಿ ಇಟ್ಟುಕೊಂಡಿದ್ದರು. ಅದರೊಳಗೆ ನನ್ನ ಗಂಡನೊಬ್ಬನೇ ಅಲ್ಲ, ಅವನ ಹಾಗೆ ಹೋದವರು ಇನ್ನೆಷ್ಟು ಜನವೋ. ಗೋಲು ಬಿದ್ದಾಗಲೆಲ್ಲ ಅವರೆಲ್ಲ ಎದ್ದು ನಿಂತು ಕೇಕೆ ಹಾಕಬೇಕು.

ತಮ್ಮ ತನ್ನ ಕೈಯಲ್ಲಿಲ್ಲವೆಂದು ಲೀಗಿನ ಮ್ಯಾನೇಜರಿಗೆ ಫೋನ್ ಹಚ್ಚಿಕೊಟ್ಟ. ಆ ಮನುಷ್ಯನ ದನಿ ಬೆಣ್ಣೆ. “ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ ಮೇಡಂ. ಆದರೆ ಟಿಕೆಟಿನ ಹಿಂದೆ ಬರೆದಿರುತ್ತಲ್ಲ, ಮೈದಾನದೊಳಗಿನ ಶಬ್ದ ಎಲ್ಲ ಲೀಗಿನದೇ. ಜನಕ್ಕೆ ಆ ಕೂಗು ಸಿಕ್ಕಾಪಟ್ಟೆ ಇಷ್ಟ ಆಗಿದೆ. ಅವರಿಗೆ ಸಿಕ್ಕ ಗೌರವ ಅಂದ್ಕೊಳ್ಳಿ.”

“ಆ ಮ್ಯಾಚು ನಿಲ್ಲಿಸಿದ್ರೆ ಸಾಕಾಗಿತ್ತು ಸಾರ್, ಗೌರವ ಬೇಕಿರ್ಲಿಲ್ಲ” ಎಂದೆ.

“ಸೀಸನ್ ಮಧ್ಯದಲ್ಲಿ ಅದು ಅಷ್ಟು ಸುಲಭ ಅಲ್ಲ ಮೇಡಂ” ಎಂದರು. ಟಿವಿಯಲ್ಲಿ ಕೋಟು ಹಾಕಿಕೊಂಡ ಐದಾರು ಗಂಡಸರು ದಿನಾ ಇದನ್ನೇ ಚರ್ಚಿಸುತ್ತಿದ್ದರು. ಅರ್ಧಕ್ಕೆ ನಿಂತು ಮತ್ತೆ ಶುರುವಾದ ಸೀಸನ್ನಿನ ಹಳೆಯ ಅಂಕಗಳನ್ನು ಲೆಕ್ಕಕ್ಕೆ ಹಿಡಿಯಬೇಕೋ, ಬಿಡಬೇಕೋ, ಕಪ್ ಯಾರಿಗೆ ಸೇರಬೇಕೋ ಎಂದು ಮೇಜು ಕುಟ್ಟುತ್ತಿದ್ದರು. ಆ ಸಂಜೆಯ ಮ್ಯಾಚಿಗೆ ಹೋದವರು ಮನೆಗೆ ಏನು ತಂದರೆಂದು ಒಬ್ಬನೂ ಬಾಯಿ ಬಿಡಲಿಲ್ಲ.

ಫೋನ್ ಇಟ್ಟ ಮೇಲೆ ತಮ್ಮ ಗುಂಡಿಗಳ ಹಲಗೆಯನ್ನು ದೂರ ತಳ್ಳಿದ. ಆಮೇಲೆ, “ನಾನು ಒತ್ತಲ್ಲ ಅಕ್ಕ” ಎಂದ. ಮರುದಿನ ಮ್ಯಾನೇಜರಿಗೂ ಅದನ್ನೇ ಹೇಳಿದ. ಹಾಗಾದರೆ ಬರಬೇಡ ಎಂದರಂತೆ. ಆದದ್ದಾಗಲಿ ಎಂದು ಚೀಲ ಹೆಗಲಿಗೇರಿಸಿ ಮನೆಗೆ ಬಂದ.

ಮುಂದಿನ ಮ್ಯಾಚಿನ ದಿನ ನಾನು ಅತ್ತೆಯ ಪಕ್ಕ ಹೋಗಿ ಕೂತೆ. ತಮ್ಮನಿಲ್ಲ, ಕೂಗೂ ಇರುವುದಿಲ್ಲ, ಕೂಗಿಲ್ಲದಿದ್ದರೆ ಅತ್ತೆ ನನ್ನ ಮಾತು ನಂಬಬಹುದು ಎಂಬ ಆಸೆ. ಎಂಥ ಆಸೆ ನೋಡಿ. ಅತ್ತೆ ನನ್ನನ್ನು ಮಾತಾಡಿಸಲಿಲ್ಲ, ತಲೆಬಾಚಿ, ಒಗೆದ ಸೀರೆ ಉಟ್ಟು, ಮಗ ಮನೆಗೇ ಬರುತ್ತಾನೇನೋ ಎನ್ನುವ ಹಾಗೆ ಕಿವಿಗೊಟ್ಟು ಕೂತಿದ್ದರು. ಮೇಷ್ಟ್ರು ಇನ್ನೊಂದು ಪಕ್ಕದಲ್ಲಿ ಕೂತು ಆಟ ಹೇಳುತ್ತಿದ್ದರು.

ನಮ್ಮ ತಂಡದ ಹುಡುಗನೊಬ್ಬ ಕಾಲು ತಿರುಚಿಕೊಂಡು ಬಿದ್ದ. ಮೊಣಕಾಲು ಹಿಡಿದುಕೊಂಡು ಹೊರಳಾಡಿದ. “ಪೆಟ್ಟಾಯ್ತಮ್ಮ, ಸ್ಟ್ರೆಚರ್ ತರ್ತಿದಾರೆ” ಎಂದರು ಮೇಷ್ಟ್ರು.

“ಮುಂದೆ ಜಾಗ ಇದೆ, ಮುಂದೆ ಹೋಗಿ!”

ನನ್ನ ಗಂಡನ ದನಿ. ತಮ್ಮನ ಜಾಗಕ್ಕೆ ಇನ್ಯಾರನ್ನೋ ಕೂರಿಸಿದ್ದರು, ಅವನಿಗೆ ಯಾವ ಗುಂಡಿ ಯಾವಾಗ ಎಂಬುದು ತಿಳಿಯದು. ಹುಡುಗನನ್ನು ಎತ್ತಿಕೊಂಡು ಹೋಗುವಾಗ ಇನ್ನೊಮ್ಮೆ ಒತ್ತಿದ. ಕಾಮೆಂಟರಿಯವನು ಕಿಸಕ್ಕನೆ ನಕ್ಕ. ಸ್ವಲ್ಪ ಹೊತ್ತಿಗೆ ಎದುರಾಳಿಗಳು ಗೋಲು ಹೊಡೆದರು, ಆಗಲೂ ಅದೇ ಕೂಗು, ಅದೇ ಉತ್ಸಾಹ.

“ಆರಿಸು” ಎಂದರು ಅತ್ತೆ. ಮೇಷ್ಟ್ರು ಆರಿಸಿದರು.

“ಬಿದ್ದವನನ್ನ ನೋಡಿ ಕೂಗೋನಲ್ಲ ನನ್ನ ಮಗ. ಬಸ್ಸಲ್ಲಿ ಯಾರಾದ್ರೂ ಎಡವಿದ್ರೆ ಬೆಲ್ ಹೊಡೆದು ಗಾಡಿ ನಿಲ್ಲಿಸ್ತಿದ್ದ.” ಅವರ ಕೈ ನನ್ನ ಕೈಗಾಗಿ ತಡಕಾಡಿತು. “ನೀನು ಹೇಳಿದ್ದು ನಿಜ ಅಲ್ವೇನೇ?”

“ಹೌದತ್ತೆ.”

ಮೇಷ್ಟ್ರು ಅಮ್ಮಾ ಎನ್ನುತ್ತ ಹತ್ತಿರ ಬಂದರು. “ನೀನು ದೂರ ಇರು” ಎಂದರು ಅತ್ತೆ. “ಪಕ್ಕದಲ್ಲೇ ಕೂತು, ಅವನೇ ಅಮ್ಮ, ಅವನೇ ಅಮ್ಮ ಅಂದೆಯಲ್ಲೋ.” ಆಮೇಲೆ ದೊಡ್ಡ ದನಿ ತೆಗೆದು ಅತ್ತರು. ಎರಡು ತಿಂಗಳ ಅಳು ಒಟ್ಟಿಗೆ ಬಂತು, ನಾನೂ ಜೊತೆಗೆ ಅತ್ತುಬಿಟ್ಟೆ.

ಅಳು ಸ್ವಲ್ಪ ಇಳಿದ ಮೇಲೆ, ಸೆರಗಿನಿಂದ ಮೂಗು ಒರೆಸಿಕೊಂಡು, “ಎಲ್ಲಿಂದ ಅಂಟಿತೇ ಅವನಿಗೆ?” ಎಂದು ಕೇಳಿದರು.

“ಆ ಮ್ಯಾಚಿನಲ್ಲಿ ಅತ್ತೆ. ಮಾರನೇ ದಿನ ನಿಮ್ಮನ್ನ ನೋಡೋಕೆ ಬಂದಿದ್ರಲ್ಲ, ಅದರ ಹಿಂದಿನ ದಿನ.”

“ಈ ರೆಕಾರ್ಡು ಯಾವತ್ತಿಂದು?”

ಇದೊಂದನ್ನು ಅವರು ಕೇಳದಿರಲಿ ಎಂದುಕೊಂಡಿದ್ದೆ. ಆದರೆ ಈ ಮನೆಯಲ್ಲಿ ಇನ್ನೊಂದು ಸುಳ್ಳಿಗೆ ಜಾಗವಿರಲಿಲ್ಲ. “ಅದೇ ಮ್ಯಾಚಿಂದು” ಎಂದೆ.

ಅತ್ತೆಯ ಪೊರೆಗಣ್ಣು ಆರಿದ ಟಿವಿಯ ಕಡೆಗೇ ಇತ್ತು.

“ಹಾಗಾದ್ರೆ ಮೊನ್ನೆ ನಾನು ಇಲ್ಲಿ ಕೂತು ಖುಷಿಯಾಗಿ ಕೇಳಿದ್ದು, ಅವನಿಗೆ ಅದು ಅಂಟ್ತಾ ಇದ್ದಿದ್ದನ್ನೇನೇ?”