ಕಾಶವ್ವನ ಜೊತೆ ಚುನಾವಣೆಗೆ ಹೋದ ಕುಕ್ಕರ್

ನಾನು ಹತ್ತು ಲೀಟರಿನ ಒಂದು ಕುಕ್ಕರ್. ಹುಟ್ಟಿದ್ದು ದೂರದ ಕಾರ್ಖಾನೆಯಲ್ಲಿ, ಬಾಳಿದ್ದು ಅತ್ತಿಗುಂಡಿ ರೈಲು ನಿಲ್ದಾಣದ ಎದುರಿಗಿರುವ ಕಾಶವ್ವನ ಖಾನಾವಳಿಯಲ್ಲಿ. ಇಪ್ಪತ್ತು ವರ್ಷ ಅನ್ನ ಬೇಯಿಸಿದ್ದೇನೆ. ಲೋಕಸಭೆ ಚುನಾವಣೆಯಲ್ಲೂ ಓಡಾಡಿದ್ದೇನೆ ಎಂದರೆ ನಗುತ್ತೀರಿ. ನಗಿ, ಬೇಸರವಿಲ್ಲ.

ಎಲ್ಲಕ್ಕೂ ಕಾರಣ ಬೆಳಗಿನ ಪ್ಯಾಸೆಂಜರ್ ರೈಲು. ಅದು ನಮ್ಮೂರಲ್ಲಿ ನಿಲ್ಲುವುದನ್ನೇ ಬಿಟ್ಟಿತು. ಪಟ್ಟಣದ ಕಾಲೇಜಿಗೆ ಹೋಗುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಓದು ಬಿಟ್ಟು ಮನೆಯಲ್ಲಿ ಕೂತರು. ಅರ್ಜಿ ಬರೆಸಿ ಬರೆಸಿ ಸಾಕಾದ ಕಾಶವ್ವ, "ಇನ್ನ ನಾನ ನಿಲ್ಲತೀನಿ" ಎಂದಳು. ಗಂಡ ಯಂಕಪ್ಪ ಒಲೆ ನೋಡಿಕೊಳ್ಳಲು ಒಪ್ಪಿದ. ನಾಮಪತ್ರಕ್ಕೆ ಸೂಚಕರಾಗಿ ಹತ್ತು ಜನ ಸಹಿ ಹಾಕಿದರು, ಹತ್ತೂ ಜನ ನಮ್ಮಲ್ಲಿ ಉಣ್ಣುವವರೇ. ಪಕ್ಷೇತರರಿಗೆ ಕೊಡುವ ಚಿಹ್ನೆಗಳಲ್ಲಿ ಕುಕ್ಕರ್ ಕೇಳಿದಳು, ಸಿಕ್ಕಿಯೂಬಿಟ್ಟಿತು. ನಾನು ಹಿಗ್ಗಿಹೋದೆ.

ಆದರೆ ನನ್ನನ್ನು ಸೊಂಟದ ಮೇಲಿಟ್ಟುಕೊಂಡು ಮನೆ ಮನೆಗೆ ಹೋದದ್ದೇ ತಪ್ಪಾಯಿತು. ರೈಲಿನ ಮಾತು ಯಾರ ಕಿವಿಗೂ ಬೀಳಲಿಲ್ಲ, ಎಲ್ಲರ ಕಣ್ಣೂ ನನ್ನ ಮೇಲೆ.

"ಮನಿಗೊಂದೋ, ವೋಟಿಗೊಂದೋ?" ಎಂದು ಒಬ್ಬ ಮುದುಕಿ ಕೇಳಿಯೇಬಿಟ್ಟಳು.

"ಇರೂದ ಒಂದ ಐತಿ ಯವ್ವಾ. ಇದರಾಗ ನಮ್ಮ ಬುತ್ತಿ ಐತಿ."

ನಂಬುವವರು ಯಾರು? ಕಾಶವ್ವ ಕುಕ್ಕರ್ ಹಂಚುತ್ತಾಳೆಂದು ಸುದ್ದಿ ಹಬ್ಬಿತು. ಮೂರನೆಯ ದಿನ ಚುನಾವಣಾ ತಪಾಸಣೆಯ ಜೀಪು ಬಂದು ನನ್ನನ್ನು ಎತ್ತಿಕೊಂಡು ಹೋಯಿತು. ಕಚೇರಿಯಲ್ಲಿ ಅಧಿಕಾರಿ ಮುಚ್ಚಳ ತೆಗೆದರೆ ಒಳಗೆ ಚಿತ್ರಾನ್ನ. ಕಾಶವ್ವ ಬೆನ್ನಿಗೇ ಬಂದು ನಿಂತಿದ್ದಳು.

"ಹಂಚೂ ಕುಕ್ಕರಿನ ತಳ ಹಿಂಗ ಕರ್ರಗ ಇರ್ತದೇನ್ರಿ ಸಾಹೇಬ್ರ? ಹೊತ್ತಾಗೇತಿ, ಒಂದ ತುತ್ತು ಉಣ್ರಿ."

ಅಧಿಕಾರಿ ನಗು ತಡೆದುಕೊಂಡ. "ಬ್ಯಾಡ್ರಿ ಅಕ್ಕಾರ. ನಾ ಉಂಡ್ರ ಅದೂ ಆಮಿಷ ಆಗ್ತದ."

ಅಂದೇ ನನ್ನನ್ನು ಬಿಟ್ಟುಕೊಟ್ಟರು. ಊರಿಗೆ ಮರಳಿದಾಗ, ಠಾಣೆ ಕಂಡು ಬಂದ ಕಳ್ಳನನ್ನು ನೋಡುವ ಹಾಗೆ ಜನ ನನ್ನನ್ನು ನೋಡಲು ಸೇರಿದರು. ಬಂದವರು ಈ ಸಲ ರೈಲಿನ ಮಾತನ್ನೂ ಕೇಳಿಸಿಕೊಂಡರು.

ಕಾಶವ್ವ ಗೆಲ್ಲಲಿಲ್ಲ, ಠೇವಣಿಯೂ ಹೋಯಿತು. ಆದರೆ ಹಳಿಯ ಪಕ್ಕದ ಊರುಗಳಲ್ಲೆಲ್ಲ ಗೆದ್ದವರಿಗಿಂತ ಅವಳಿಗೇ ಹೆಚ್ಚು ಮತ ಬಿದ್ದಿತ್ತು. ಅದು ಅವರ ನಿದ್ದೆ ಕೆಡಿಸಿರಬೇಕು. ಎಂಟು ತಿಂಗಳಲ್ಲಿ ರೈಲು ಮತ್ತೆ ನಮ್ಮೂರಲ್ಲಿ ನಿಂತಿತು.

ಹಸಿರು ಬಾವುಟ ಬೀಸಿದವರು ಸಂಸದರು. ಭಾಷಣದಲ್ಲಿ ಕಾಶವ್ವನ ಹೆಸರು ಅಪ್ಪಿತಪ್ಪಿಯೂ ಬರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅವಳೋ ಬಾಗಿಲಲ್ಲಿ ನಿಂತು, ರೈಲು ಹತ್ತುವ ಹುಡುಗಿಯರನ್ನು ಬೆರಳು ಮಡಚಿ ಎಣಿಸುತ್ತಿದ್ದಳು. ಹನ್ನೊಂದು ಜನ. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಬಂದು ಯಂಕಪ್ಪನಿಗೆ ಹೇಳಿದಳು: "ವೇದಿಕಿ ಮ್ಯಾಲಿನವರೂ ಉಣ್ಣಾಕ ಬರ್ತಾರಂತ. ಎರಡ ಸೇರ ಅಕ್ಕಿ ಹೆಚ್ಚ ಹಾಕ್ರಿ." ಅವತ್ತು ಗೆದ್ದವರೂ ನಮ್ಮ ಅನ್ನವನ್ನೇ ಉಂಡು ಹೋದರು.

ಈಗ ನನ್ನ ಹಿಡಿ ಮುರಿದಿದೆ, ತಳ ಉಬ್ಬಿದೆ. ಕಿಟಕಿಯ ಪಕ್ಕದ ಹಲಗೆಯ ಮೇಲೆ ಕೂತಿದ್ದೇನೆ. ದಿಲ್ಲಿಯನ್ನು ನಾನೂ ನೋಡಲಿಲ್ಲ, ಕಾಶವ್ವನೂ ನೋಡಲಿಲ್ಲ. ಬೆಳಿಗ್ಗೆ ರೈಲು ಎರಡೇ ನಿಮಿಷ ನಿಲ್ಲುತ್ತದೆ. ತಡವಾಗಿ, ಜಡೆ ಹೆಣೆದುಕೊಳ್ಳುತ್ತಲೇ ಓಡಿ ಬರುವ ಒಬ್ಬಳಾದರೂ ದಿನಾ ಇರುತ್ತಾಳೆ. ಅವಳು ಹತ್ತುವವರೆಗೆ ನನಗೆ ಜೀವದಲ್ಲಿ ಜೀವವಿರುವುದಿಲ್ಲ.