ಉಸ್ತಾದರ ಗೇಜು

ಮತ್ತೆ ಉಸ್ತಾದ್, ಪೆಟ್ರೋಲ್ ವಾಸನೆಯ ಜೊತೆ ಆ ಹೆಸರೂ ಬೆಳಗಿಂದ ಮೂಗಿಗೆ ಹೊಡೆಯುತ್ತಿದೆ — ಅಪ್ಪಾ, ನಮ್ಮ ಉಸ್ತಾದ್ ಹಿಂಗ್ ಮಾಡಲ್ಲ, ಅವರು ಗೇಜಲ್ಲೇ ಕಿಡಿಯ ಟೈಮಿಂಗ್ ನೋಡೋದು, ನಿನ್ನ ಸಿಗರೇಟ್ ಪೇಪರೆಲ್ಲ ಹಳೇ ಕಾಲದ್ದು, ಸ್ವಲ್ಪ ಆ ಕಡೆ ಕೂತ್ಕೋ — ಅವನಿಗಾದರೆ ಅವರು ಅನ್ನುತ್ತಾಳೆ, ನನಗೆ ನೀನು, ಇರಲಿ, ಮಗಳ ಸಲಿಗೆ ಅಂತ ಮೊನ್ನೆವರೆಗೂ ಬೀಗುತ್ತಿದ್ದವನು ನಾನೇ, ಈಗ ಯಾಕೆ ಚುಚ್ಚಬೇಕು. ಈ ಯೆಜ್ಡಿ ಬೈಕು ನನ್ನದು, ವಿದ್ಯಾರಣ್ಯಪುರಂನ ಈ ಅಂಗಳ ನನ್ನದು, ಗಗನಳೂ ನನ್ನವಳೇ ತಾನೆ, ಟ್ಯಾಂಕಿನ ಮೇಲೆ ಕೂರಿಸಿಕೊಂಡು ತಿರುಗಿಸುವಾಗ ಅಪ್ಪಾ ಎಂಜಿನ್ ಒಳಗೆ ಯಾರು ಗುದ್ದುತ್ತಾರೆ ಅಂತ ಕೇಳಿದವಳು, ಪಾಯಿಂಟ್ ಮಧ್ಯೆ ಪೇಪರ್ ಸಿಕ್ಕಿಸಿ, ಅದು ಜಾರಿದಾಗಲೇ ಮಗಾ ಕಿಡಿ ಹಾರೋದು ಅಂತ ತೋರಿಸಿದವನು ನಾನು, ಯೆಜ್ಡಿ ಕಾರ್ಖಾನೆಯಲ್ಲೇ ಎಂಜಿನ್ ಜೋಡಿಸಿದ ಕೈ ಇದು, ಇವಳು ಉದಯಗಿರಿಯ ಗ್ಯಾರೇಜಿಗೆ ಕಲಿಯೋಕೆ ಹೋಗಿದ್ದೇ ಹೋಗಿದ್ದು, ಹಿತ್ತಲ ಗಿಡ ಮದ್ದಲ್ಲ. ಹೊಟ್ಟೆ ಉರಿಯುತ್ತೆ, ಹೌದು, ಉರಿಯುತ್ತೆ, ನೋಡಿದ್ದೀನಿ ಆ ಉಸ್ತಾದನ್ನ, ನನಗಿಂತ ಚಿಕ್ಕವನು, ಶಭಾಷ್ ಬೇಟಿ ಅಂದರೆ ಸಾಕು ಇವಳ ಮುಖ ಊರಗಲ ಆಗುತ್ತೆ, ನಾನಂದರೆ ಆಗುತ್ತಾ, ನಾನು ಯಾವತ್ತು ಅಂದೆ.

ಒಳಗಿಂದ ಹೆಂಡತಿ ಮಂಗಳ ಕೂಗುತ್ತಾಳೆ, ಕಾಫಿ ಆರೋಗ್ತದೆ ತಗೊಂಡೋಗು ಬಾರೇ ಗಗನಾ, ಇವಳು ಕೈ ಒರೆಸಿಕೊಂಡು ಎದ್ದಳು, ಗೇಜಿಟ್ಟು ಕೂರಿಸಿದ ಪಾಯಿಂಟ್ ಪ್ಲೇಟು ನನ್ನ ಕಣ್ಣೆದುರಿಗೇ ಇದೆ, ಸ್ಕ್ರೂಡ್ರೈವರ್ ಕೈಯಲ್ಲೇ ಇದೆ, ಒಂದು ಕೂದಲೆಳೆ ಸರಿಸಿದರೆ ಕಿಡಿ ತಡವಾಗುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ, ಅಷ್ಟೆ, ಯಾರಿಗೂ ನಷ್ಟವಿಲ್ಲ, ಆಗ ಅಪ್ಪಾ ನೀನೇ ನೋಡು ಅಂತ ಬರುತ್ತಾಳೆ — ಸರಿಸಿದೆ, ಕವರ್ ಮುಚ್ಚಿದೆ, ಕಾಫಿ ಕುಡಿದೆ, ಸಕ್ಕರೆ ಜಾಸ್ತಿ. ಗಗನ ಕಿಕ್ಕರ್ ಮೇಲೆ ಎಡಗಾಲಿಟ್ಟು, ತಾಯಿ ಚಾಮುಂಡಿ ಅಂದು ಜೋರಾಗಿ ತುಳಿದಳು, ಟಪ್ ಅಂತ ಒಂದೇ ಸದ್ದು, ಕಿಕ್ಕರ್ ವಾಪಸ್ ಬಂದು ಅವಳ ಕಾಲಿಗೇ ಬಡಿಯಿತು. ಅಂದರೆ ಕಿಡಿ ತಡವಾಗಿಲ್ಲ, ಮುಂಚೆ ಬಂದಿದೆ, ನಾನು ತಿರುಗಿಸಿದ್ದೇ ಉಲ್ಟಾ, ಈ ಕೈಗೆ ಎಡಬಲ ಮರೆತುಹೋಯಿತೇ, ಹೊಟ್ಟೆಕಿಚ್ಚಿಗೆ ಕಣ್ಣಿಲ್ಲ. ಮಂಗಳ ಓಡಿ ಬಂದಳು, ಏನಾಯ್ತೇ ಅಂತ, ಏನಿಲ್ಲ ಕಣಮ್ಮ ಅಂದಳು ಗಗನ, ನಂದೇ ತಪ್ಪು, ಟೈಮಿಂಗ್ ಕೆಡಿಸ್ಬುಟ್ಟಿದ್ದೀನಿ, ಅಪ್ಪನ ಮಾತು ಕೇಳ್ಬೇಕಿತ್ತು, ಆಮೇಲೆ ನನ್ನ ಕಡೆ ತಿರುಗಿ, ನೀನೇ ಸರಿ ಕಣಪ್ಪ, ನಿನ್ ಪೇಪರಲ್ಲೇ ಮಾಡು, ನಾನು ನೋಡಿ ಕಲಿತೀನಿ — ಬೇಕಿದ್ದದ್ದು ಇದೇ ಮಾತು, ಬಂತಲ್ಲ, ಈಗ ಹೇಳು, ಮುಟ್ಟಿದ್ದು ನಾನೇ ಅನ್ನು, ಬಾಯಿ ಬಿಡು, ಅವಳು ಪ್ಯಾಂಟು ಮೇಲಕ್ಕೆ ಸರಿಸುತ್ತಾಳೆ, ಮೊಣಕಾಲಿನ ಕೆಳಗೆ ಚರ್ಮ ಸುಲಿದು ನಿಂಬೆಹಣ್ಣಿನಷ್ಟು ಊದಿದೆ, ಹಲ್ಲು ಕಚ್ಚಿಕೊಂಡೇ ನಗುತ್ತಾ ನನಗೆ ಜಾಗ ಬಿಡುತ್ತಾಳೆ, ಕೂತ್ಕೋ ಅಪ್ಪಾ, ಕೂರುತ್ತೇನೆ, ಕವರ್ ಬಿಚ್ಚುತ್ತೇನೆ, ಆ ಊತ, ಪೇಪರ್ ಹರಿಯುತ್ತೇನೆ, ಆ ಊತ, ಹೇಳಬೇಕು, ಆ ಊತ